ತಟ್ಟಿ ನೋಡುವ ಕೆಲಸ

ತಟ್ಟಿ ನೋಡುವ ಕೆಲಸದವನಿಗೆ ಪೇಚಿನ ಪ್ರಸಂಗಗಳು ಬರುತ್ತಲೇ ಇರುತ್ತವೆ. ನಕ್ಕು ಹೇಳುತ್ತೇನೆ, ಹೇಳಿದ ಮೇಲೆ ಮನಸ್ಸಿಗೆ ಪಿಚ್ಚೆನಿಸುತ್ತದೆ. ಎಂಬತ್ತರ ದಶಕದಲ್ಲಿ ಬೆಳಗಾವಿಯ ಫೈಬರ್‌ಗ್ಲಾಸ್ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷೆ ನನ್ನದು. ಗಾಜಿನ ನಾರನ್ನು ಪದರ ಪದರವಾಗಿ ಅಂಟಿಸಿ ಮಾಡಿದ ಮಾಲು. ಒಳಗೆ ಪದರ ಬಿಟ್ಟರೆ ಕಣ್ಣಿಗೆ ಕಾಣದು. ಸಣ್ಣ ಸುತ್ತಿಗೆಯಿಂದ ತಟ್ಟಿ, ಅದು ಹೇಗೆ ನಡುಗುತ್ತದೆಂದು ಯಂತ್ರದ ಪರದೆಯ ಮೇಲಿನ ಗೆರೆಯಲ್ಲಿ ನೋಡಬೇಕು.

೧. ಬಾಜೂದವರ ಸುತ್ತಿಗೆ

ಯಂತ್ರ ಬಂದ ಮೊದಲ ದಿನ ಫ್ಯಾನಿನ ಬ್ಲೇಡುಗಳನ್ನು ತಟ್ಟಿದೆ. ಗೆರೆಯೆಲ್ಲ ಅಡ್ಡಾದಿಡ್ಡಿ.

"ಎಲ್ಲಾ ಕೆಟ್ಟಾವು," ಎಂದೆ.

"ನಾನ ಕೈಯಾರೆ ಮಾಡೇನ್ರಿ. ಇನ್ನೊಮ್ಮಿ ನೋಡ್ರಿ," ಎಂದ ಅವನ್ನು ಮಾಡಿದ ಹಳೆಯ ಕೆಲಸಗಾರ.

ನಾನು ಕೇಳಲಿಲ್ಲ, ಗರಗಸ ಹಾಕಿಸಿದೆ. ಮಧ್ಯಾಹ್ನ ಪಕ್ಕದ ಕಾರ್ಖಾನೆಯವರು ಊಟಕ್ಕೆ ಎದ್ದರು. ನೆಲ ನಡುಗಿಸುತ್ತಿದ್ದ, ಕಬ್ಬಿಣ ಬಡಿಯುವ ಅವರ ದೊಡ್ಡ ಯಂತ್ರದ ಸುತ್ತಿಗೆ ನಿಂತಿತು, ನಮ್ಮ ಗೆರೆಯೂ ಸರಿಹೋಯಿತು. ಕತ್ತರಿಸಿದ ತುಂಡುಗಳಲ್ಲಿ ಒಂದು ಬಿರುಕೂ ಇರಲಿಲ್ಲ. ತಪ್ಪಾಯಿತೆನ್ನುವ ಬದಲು ನಾನು ಯಂತ್ರದ ಪರದೆ ಒರೆಸತೊಡಗಿದೆ. ಅವನೇ ತುಂಡು ಗುಡಿಸುತ್ತಾ ಕೇಳಿದ: "ಬಾಜೂದವರಿಗೆ ಹೋಗಿ ಹೇಳ್ಲೇನ್ರಿ, ನಿಮ್ಮ ಸುತ್ತಿಗಿ ಕೆಟ್ಟೈತಿ ಅಂತ?"

೨. ಖಾನಾಪುರದ ಟಾಕಿ

ಖಾನಾಪುರದ ಹೆಂಚಿನ ಭಟ್ಟಿಯೊಂದಕ್ಕೆ ನಮ್ಮ ಕಾರ್ಖಾನೆಯ ಟಾಕಿಯನ್ನು, ಅಂದರೆ ನೀರಿನ ಟ್ಯಾಂಕನ್ನು, ಒಯ್ದಿದ್ದೆ. ಅಲ್ಲಿ ಗಡಿಗೆ ಮಾಡುವ ಅಜ್ಜನೊಬ್ಬ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ, "ಸಾಹೇಬ್ರ, ಇಲ್ಲಿ ದನಿ ಸತ್ತೈತಿ," ಎಂದ.

"ಅಜ್ಜಾ, ಇದು ಗಡಿಗಿ ಅಲ್ಲ. ಸುಮ್ನ ಕುಂದರು," ಎಂದು ನಾಲ್ಕು ಮಂದಿಯ ಮುಂದೆ ಗದರಿದೆ.

ಯಂತ್ರ ಹಚ್ಚಿದೆ, ಅದೂ ಇನ್ನೊಂದು ಮಗ್ಗುಲಿಗೆ. ಗೆರೆ ಚೆಂದ ಬಂತು. ನೀರು ತುಂಬಿದ್ದೇ ತಡ, ಅಜ್ಜ ತಟ್ಟಿದ ಜಾಗವೇ ಬಾಯಿ ಬಿಟ್ಟು ನನ್ನ ಪ್ಯಾಂಟು ತೊಯ್ದು ತೊಪ್ಪೆಯಾಯಿತು. ಅಜ್ಜ ಹೆಗಲ ಮೇಲಿನ ಟವೆಲ್ಲು ಕೊಟ್ಟ. "ಒರಸ್ಕೋರಿ. ಮಷಿನ್ನಿಗೂ ಒರಸ್ರಿ. ಪಾಪ, ಅದಕ್ಕೇನ್ ಗೊತ್ತು!"

೩. ತಡವಾದ ಮಾತು

ಅಜ್ಜನ ಹತ್ತಿರ ಕಲಿಯಬೇಕು, ತಪ್ಪೊಪ್ಪಿಕೊಳ್ಳಬೇಕು ಎಂದುಕೊಳ್ಳುತ್ತಲೇ ಮೂರು ವರ್ಷ ಕಳೆದೆ. ಹೋದಾಗ ಅವನ ಕಿವಿ ಪೂರ್ತಿ ಹೋಗಿತ್ತು.

"ಅಜ್ಜಾರ, ಅವತ್ತು ನಂದ ತಪ್ಪಾತ್ರಿ!" ಎಂದು ಕೂಗಿದೆ.

"ಗಡಿಗಿ ಬೇಕೇನ್ರಿ?" ಎನ್ನುತ್ತಾ ಒಂದನ್ನೆತ್ತಿ ನನ್ನ ಕಿವಿಯ ಹತ್ತಿರ ಹಿಡಿದು ತಟ್ಟಿದ. "ನನಗ ಕೇಳೂದಿಲ್ಲ. ನೀವ ಹೇಳ್ರಿ, ಹೆಂಗೈತಿ?"

ನನ್ನ ಮಾತು ಅವನಿಗೆ ಮುಟ್ಟಲಿಲ್ಲವೆಂಬುದೇ ತಲೆಯಲ್ಲಿತ್ತು. ದನಿ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚಲೋ ಐತಿ ಎಂಬಂತೆ ತಲೆಯಾಡಿಸಿದೆ. ಅಜ್ಜ ಖುಷಿಯಿಂದ ಕಟ್ಟಿಕೊಟ್ಟ.

ಮನೆಯಲ್ಲಿ ಹೆಂಡತಿ ಅದಕ್ಕೆ ನೀರು ತುಂಬಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯೆಲ್ಲ ನೀರು.

"ತಟ್ಟಿ ನೋಡಿ ತಂದ್ರಿಲ್ಲೋ?"

"ನೋಡೇನಿ."

ಆಕೆ ಗಡಿಗೆ ನೋಡಿದಳು, ನನ್ನ ಮುಖ ನೋಡಿದಳು. "ಮತ್ತ ಫ್ಯಾಕ್ಟರಿಯಾಗ ನಿಮಗ ಯಾವ ಕೆಲಸ ಕೊಟ್ಟಾರ ಅಂದ್ರಿ?"