ಅಡುಗೆಯವಳನ್ನು ನಿದ್ದೆಯಲ್ಲೇ ಕೊಂದ ಕಂಪನಿಗೆ

‘ಶನಿಯ ಮೊಟ್ಟೆ’ ಚಿತ್ರಮಾಲೆಯ ನಿರ್ಮಾಪಕರ ಸನ್ನಿಧಿಗೆ, ಬ್ಯಾಂಕಾಕ್

ಮಹಾ ಮಾನ್ಯರೇ,

ತಾವು ಲಮ್ದುವಾನಳನ್ನು ನಿದ್ದೆಯಲ್ಲೇ ಕೊಂದಿದ್ದೀರಿ. ನಮಸ್ಕಾರಕ್ಕೂ ಮೊದಲು ಇದನ್ನು ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಾವೂ ಮೂರನೆಯ ಭಾಗದಲ್ಲಿ ಪ್ರೇಕ್ಷಕರಿಗೆ ನಮಸ್ಕಾರ ಹೇಳುವ ಮೊದಲೇ ಆ ಕೆಲಸ ಮುಗಿಸಿದ್ದೀರಿ. ಈಗ ಸಾವಧಾನವಾಗಿ, ಕಾಲಸಿನ್ ಪ್ರಾಂತ್ಯದ ಬಾನ್ ದೋನ್ ಖಾ ಹಳ್ಳಿಯ ಬಯಲು ಸಿನಿಮಾ ತಂಡದ ಪರವಾಗಿ, ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ತಮ್ಮ ಆರೋಗ್ಯ, ತಮ್ಮ ಕ್ಯಾಮೆರಾಗಳ ಆರೋಗ್ಯ ಮತ್ತು ವಿಶೇಷವಾಗಿ ತಮ್ಮ ಬೆಕ್ಕಿನ ಆರೋಗ್ಯ ಚೆನ್ನಾಗಿರಲಿ.

ಲಮ್ದುವಾನ್ ಯಾರೆಂದು ತಮಗೇ ಮರೆತಿರಬಹುದು. ಆಕೆ ತಮ್ಮ ಬಾಹ್ಯಾಕಾಶ ನೌಕೆಯ ಅಡುಗೆಯವಳು. ಹದಿನಾಲ್ಕು ಜನರ ಆ ನೌಕೆಯಲ್ಲಿ ದೇಶದ ಈಶಾನ್ಯದ ನಮ್ಮ ಈಸಾನ್ ಸೀಮೆಯವಳೆಂದರೆ ಆಕೆಯೊಬ್ಬಳೇ. ಬ್ಯಾಂಕಾಕಿನವರು ಶನಿಗ್ರಹಕ್ಕೆ ಹೋದರೂ ಅನ್ನ ಬೇಯಿಸಲು ನಮ್ಮವರನ್ನೇ ಕರೆದುಕೊಂಡು ಹೋಗುತ್ತಾರೆ ಎಂಬ ತಮ್ಮ ದೂರದೃಷ್ಟಿಯನ್ನು ನಾವು ಅಂದೇ ಮೆಚ್ಚಿಕೊಂಡಿದ್ದೆವು. ಮೊದಲ ಭಾಗದಲ್ಲಿ ಆಕೆಯ ಪಾ ದೇಕ್ ಮೀನಿನ ಜಾಡಿ ತೆರೆದಾಗಲೆಲ್ಲ ಕ್ಯಾಪ್ಟನ್ ಮೂಗು ಮುಚ್ಚಿಕೊಳ್ಳುತ್ತಿದ್ದರು, ಮತ್ತು ಅದನ್ನು ನಗೆಯ ದೃಶ್ಯವೆಂದು ತಾವು ತಿಳಿದಿದ್ದಿರಿ. ಆದರೆ ಮೊಟ್ಟೆಯೊಡೆದು ಬಂದ ಆ ಪ್ರಾಣಿ ಬಂದೂಕಿಗೆ ಹೆದರದೆ, ಬೆಂಕಿಗೆ ಹೆದರದೆ, ಕೊನೆಗೆ ಕೊಳೆಸಿದ ಮೀನಿನ ವಾಸನೆಗೆ ಬೆನ್ನು ತೋರಿಸಿ ಓಡಿತಲ್ಲ, ಅಂದು ನಮ್ಮ ಬಯಲಿನಲ್ಲಿ ಎದ್ದ ಕೂಗಿಗೆ ಪರದೆ ಕಟ್ಟಿದ್ದ ಬಿದಿರೇ ಅಲುಗಿತು. ಎರಡನೆಯ ಭಾಗದಲ್ಲಿ ಆಕೆ ಕುದಿಯುವ ಸಾರನ್ನು ಗಾಳಿಕೊಳವೆಗೆ ಸುರಿದು ಹನ್ನೊಂದು ಜನರನ್ನು ಉಳಿಸಿದಳು. ದುಡಿಯುವ ಹೆಂಗಸೊಬ್ಬಳು ತನ್ನ ದುಡಿಮೆಯ ಪಾತ್ರೆಯಿಂದಲೇ ಲೋಕವನ್ನು ಕಾಪಾಡುವುದನ್ನು ನಾನು ಕರಪತ್ರಗಳಲ್ಲಿ ಎಷ್ಟೋ ಸಲ ಓದಿದ್ದೆ, ಆದರೆ ಕಣ್ಣಿನಿಂದ ಕಂಡದ್ದು ತಮ್ಮ ಕೃಪೆಯಿಂದ.

ಮೂರನೆಯ ಭಾಗದ ನಾಲ್ಕನೆಯ ನಿಮಿಷದಲ್ಲಿ ಆಕೆ ದೂರಪ್ರಯಾಣದ ನಿದ್ದೆಗೆಂದು ಶೀತಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಗಾಜಿನ ಮೇಲೆ ಮಂಜು. ಆಕೆಯ ಮುಖವನ್ನೂ ತೋರಿಸದೆ, ನೌಕೆಯ ಯಂತ್ರ ಹೇಳುತ್ತದೆ: “ಅಡುಗೆ ವಿಭಾಗ, ಒಂದು ಸ್ಥಾನ ಖಾಲಿ.” ಒಂದು ಹನಿ ರಕ್ತವಿಲ್ಲದೆ, ಒಂದು ಮಾತಿಲ್ಲದೆ, ಆ ಪ್ರಾಣಿಯನ್ನೂ ಸುಮ್ಮನೆ ದಣಿಸದೆ ಒಬ್ಬಳನ್ನು ಮುಗಿಸಿದ ತಮ್ಮ ಮಿತವ್ಯಯಕ್ಕೆ ಸರ್ಕಾರದ ಯಾವುದಾದರೂ ಇಲಾಖೆ ಪದಕ ಕೊಡಬೇಕು. ಆಮೇಲೆ ಕ್ಯಾಪ್ಟನ್ನರ ಬೆಕ್ಕು ಸಾಯುತ್ತದೆ. ಅದಕ್ಕೆ ಹನ್ನೊಂದು ನಿಮಿಷ, ಪಿಟೀಲು, ಕಣ್ಣೀರು, ಕಿಟಕಿಯಾಚೆ ನಿಧಾನವಾಗಿ ತಿರುಗುವ ಶನಿಯ ಬಳೆ. ಅಡುಗೆಮನೆಯ ಜಾಗದಲ್ಲಿ ಊಟದ ಮಾತ್ರೆ ಉದುರಿಸುವ ಒಂದು ಕಬ್ಬಿಣದ ಪೆಟ್ಟಿಗೆ. ಬೆಕ್ಕಿನ ಬಗ್ಗೆ ನನಗೆ ದ್ವೇಷವಿಲ್ಲ, ಅದು ಚೆನ್ನಾಗಿ ನಟಿಸಿದೆ.

ಈ ಭಾಗವನ್ನು ಮೆಚ್ಚುವವರೂ ಇದ್ದಾರೆಂದು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ನಮ್ಮ ಶಾಲೆಯ ಥವಿಲ್ ಮೇಷ್ಟ್ರು ಕೊನ್ ಕೇನ್ ಪಟ್ಟಣಕ್ಕೆ ಹೋಗಿ ಅದನ್ನು ಮೂರು ಸಲ ನೋಡಿ ಬಂದು, “ಇದು ಸಾವಿನ ಅರ್ಥಹೀನತೆಯ ಮೇಲಿರೋ ಸಿನಿಮಾ ಕಣ್ರೇ, ನಿಮಗೆಲ್ಲ ಅರ್ಥ ಆಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕು” ಎಂದರು. ಅದಕ್ಕೆ ನಮ್ಮ ಸಮ್ಲೀ ದೊಡ್ಡಮ್ಮ, “ಅರ್ಥ ಇಲ್ಲದ ಸಾವಿಗೆ ಅಡುಗೆಯವಳೇ ಬೇಕಿತ್ತಾ ಮೇಷ್ಟ್ರೇ? ಕ್ಯಾಪ್ಟನ್ನು ಬಿಡುವಾಗಿರ್ಲಿಲ್ವಾ?” ಎಂದಳು. ಮೇಷ್ಟ್ರು ಅಂದಿನಿಂದ ನಮ್ಮ ಅಂಗಳದ ಮುಂದೆ ಸೈಕಲ್ಲನ್ನು ಜೋರಾಗಿ ತುಳಿದುಕೊಂಡು ಹೋಗುತ್ತಾರೆ.

ಸಮ್ಲೀ ದೊಡ್ಡಮ್ಮನ ವಿಷಯಕ್ಕಾಗಿಯೇ ಈ ಪತ್ರ. ತಮ್ಮ ಚಿತ್ರಗಳು ಬ್ಯಾಂಕಾಕಿನ ಭಾಷೆಯಲ್ಲಿರುತ್ತವೆ. ನಮ್ಮ ಬಯಲಿನಲ್ಲಿ ಅವು ನಮ್ಮ ಈಸಾನ್ ಮಾತಿನಲ್ಲಿ ಆಡುತ್ತವೆ. ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ಕೂತು, ಕ್ಯಾಪ್ಟನ್, ವೈದ್ಯ, ಯಂತ್ರ, ಪ್ರಾಣಿ, ಎಲ್ಲರ ಮಾತನ್ನೂ ಆಕೆಯೊಬ್ಬಳೇ ಆಡುತ್ತಾಳೆ. ಲಮ್ದುವಾನಳಿಗೆ ಮಾತ್ರ ಆಕೆ ಬೇರೆ ಧ್ವನಿ ಮಾಡುವುದಿಲ್ಲ, ತನ್ನದನ್ನೇ ಕೊಡುತ್ತಾಳೆ. ಕಳೆದ ನವೆಂಬರಿನಲ್ಲಿ ಆಕೆಯ ಗಂಟಲಿನಿಂದ ಗಡ್ಡೆ ತೆಗೆದರು. ಮಾತು ಬರಬಹುದು, ಬಾರದೆಯೂ ಇರಬಹುದು ಎಂದು ವೈದ್ಯರು ಹೇಳಿದ ಮರುದಿನ ನಾನು ಆಕೆಯ ಪರವಾಗಿ ನಮ್ಮ ತೋಪಿನ ಅಜ್ಜಂದಿರ ಗುಡಿಗೆ ಹೋಗಿ, ಊದುಬತ್ತಿ ಹಚ್ಚಿ, ಹರಕೆ ಹೊತ್ತೆ. ತೋಪಿನ ಅಜ್ಜಂದಿರೆಂದರೆ ಸತ್ತ ಮೇಲೂ ಊರು ಕಾಯುವ ಹಿರಿಯರು. ಅವರಿಗೆ ಸಿನಿಮಾ ಬಹಳ ಇಷ್ಟ. ಹರಕೆ ತೀರಿಸಲು ಕೆಲವರು ಹಾಡಿಸುತ್ತಾರೆ, ಕೆಲವರು ಕುಣಿಸುತ್ತಾರೆ, ನಮ್ಮದು ಸಿನಿಮಾ ತಂಡ, ನಾವು ಸಿನಿಮಾ ತೋರಿಸುತ್ತೇವೆ.

ಇಲ್ಲಿ ನನ್ನ ತಪ್ಪನ್ನು ಮುಚ್ಚಿಡಲಾರೆ. “ದೊಡ್ಡಮ್ಮನ ಮಾತು ವಾಪಸ್ ಕೊಡಿ ಅಜ್ಜಂದಿರಾ, ‘ಶನಿಯ ಮೊಟ್ಟೆ’ ಎಷ್ಟು ಭಾಗ ಇದ್ಯೋ ಅಷ್ಟೂ, ಒಂದೂ ಬಿಡದೆ, ಅವಳ ಬಾಯಿಂದಲೇ ಆಡಿಸ್ತೀನಿ” ಎಂದುಬಿಟ್ಟೆ. ಆಗ ಇದ್ದದ್ದು ಎರಡೇ ಭಾಗ. ಎರಡು ಎಂದಿದ್ದರೆ ಸಾಕಿತ್ತು. ಜನವರಿಯಲ್ಲಿ ತಮ್ಮ ಮೂರನೆಯದು ಬಂತು, ಮಾರ್ಚಿನಲ್ಲಿ ದೊಡ್ಡಮ್ಮನ ಮಾತು ಬಂತು. ಗುಡಿ ನೋಡಿಕೊಳ್ಳುವ ಖಮ್‌ಸಿಂಗ್ ಅಜ್ಜ ಎಲೆ ಅಡಿಕೆ ಉಗುಳಿ, “ಹಿರಿಯರ ಹತ್ರ ಮಾತಾಡೋವಾಗ ಬಾಯಿಗೆ ಸ್ವಲ್ಪ ಬ್ರೇಕ್ ಇರ್ಬೇಕು ಮಗಾ. ಒಂದೂ ಬಿಡದೆ ಅಂದೆ. ಅವರು ಕೇಳಿಸ್ಕೊಂಡಾಯ್ತು” ಎಂದರು. ಒಪ್ಪಿಕೊಂಡ ಹರಕೆಯನ್ನು ಮೊಟಕು ಮಾಡಿದರೆ ಕೊಟ್ಟದ್ದು ವಾಪಸ್ ಹೋಗುತ್ತದೆ. ತಾವು ನಗಬಹುದು. ತಮ್ಮ ಕಚೇರಿಯ ಬಾಗಿಲಲ್ಲೂ ಹಿರಿಯರಿಗೊಂದು ಪುಟ್ಟ ಗುಡಿ ಇರುತ್ತದೆ, ಪ್ರತಿ ಬೆಳಿಗ್ಗೆ ಅದರ ಮುಂದೆ ಕೆಂಪು ಶರಬತ್ತನ್ನು ಕೊಳವೆ ಸಮೇತ ಇಡುತ್ತೀರಿ, ಆದ್ದರಿಂದ ಬಹಳ ಹೊತ್ತು ನಗಲಾರಿರಿ.

ಹಾಗಿದ್ದರೆ ತೋರಿಸಿಬಿಡಿ, ಏನು ತೊಂದರೆ ಎಂದು ತಾವು ಕೇಳುವುದು ಸಹಜ. ತೋರಿಸಲು ಹೊರಟೆವು. ಮಾರ್ಚಿನ ಕೊನೆಯಲ್ಲಿ ಒಂದು ಹಗಲು ಅಭ್ಯಾಸಕ್ಕೆ ಕೂತಾಗ ಮೊದಲ ಮೂರು ನಿಮಿಷ ದೊಡ್ಡಮ್ಮ ಸಲೀಸಾಗಿ ಆಡಿದಳು. ನಾಲ್ಕನೆಯ ನಿಮಿಷದಲ್ಲಿ, ಆ ಯಂತ್ರದ ಒಂದು ಸಾಲಿನಲ್ಲಿ, ಆಕೆಯ ಬಾಯಿ ತೆರೆದೇ ಇತ್ತು, ಧ್ವನಿ ಹೊರಡಲಿಲ್ಲ. ನೀರು ಕುಡಿಸಿದೆ. ಮತ್ತೆ ಹಾಕಿದೆವು. ಮತ್ತೆ ಅಲ್ಲಿಗೇ ನಿಂತಿತು. ಬರೀ ಗಾಳಿ. ವೈದ್ಯರು ನೋಡಿ ಗಂಟಲು ಚೆನ್ನಾಗಿದೆ ಎಂದರು. ದೊಡ್ಡಮ್ಮ ಮನೆಗೆ ಬಂದು ಅಕ್ಕಿ ಆರಿಸುತ್ತಾ, “ಗಂಟಲಿಗೇನೂ ಆಗಿಲ್ಲ ಕಣೇ. ನಾನು ಖಾಲಿ ಅಂತ ನನ್ನ ಬಾಯಿಂದಲೇ ಹೇಳಿಸ್ತಿದಾರಲ್ಲ, ಅದಕ್ಕೆ” ಎಂದಳು. ತೋರಿಸದಿದ್ದರೆ ಹರಕೆ ಕೆಡುತ್ತದೆ, ತೋರಿಸಿದರೆ ಆ ಸಾಲಿನಲ್ಲಿ ಆಕೆಯ ಮಾತು ಕೆಡುತ್ತದೆ. ಪ್ರಾಣಿಯೊಂದು ಎರಡೂ ಬಾಗಿಲಲ್ಲಿ ಕಾದು ನಿಲ್ಲುವ ಇಂಥ ಸನ್ನಿವೇಶವನ್ನು ತಮ್ಮ ಮೂರು ಭಾಗಗಳಲ್ಲಿ ಒಮ್ಮೆಯೂ ಇಷ್ಟು ಚೆನ್ನಾಗಿ ಹೆಣೆಯಲಾಗದ ತಾವು ನಮ್ಮ ಮನೆಯಲ್ಲಿ ಎಷ್ಟು ಸುಲಭವಾಗಿ ಹೆಣೆದಿರಿ!

ಆದ್ದರಿಂದ ತಮ್ಮಲ್ಲಿ ಒಂದೇ ಒಂದು ವಿನಯದ ಬೇಡಿಕೆ. ಕಂಪನಿಯ ಮುದ್ರೆಯಿರುವ ಕಾಗದದ ಮೇಲೆ ಮೂರನೆಯ ಭಾಗವು ಮೂರನೆಯ ಭಾಗವಲ್ಲ ಎಂದು ಬರೆದುಕೊಡಬೇಕು. ಅದು ಮಾತ್ರೆಪೆಟ್ಟಿಗೆಯ ದೀರ್ಘ ಜಾಹೀರಾತು ಎನ್ನಬಹುದು, ಕ್ಯಾಪ್ಟನ್ನರ ಬೆಕ್ಕು ಕಂಡ ಕೆಟ್ಟ ಕನಸು ಎನ್ನಬಹುದು, ಭಿತ್ತಿಪತ್ರದ ಮೇಲಿನ ಅಂಕಿ ಮುದ್ರಣಾಲಯದವರ ಅಚಾತುರ್ಯವೆನ್ನಬಹುದು. ಯಾವುದಾದರೂ ನಮಗೆ ಸಮ್ಮತ. ಖಮ್‌ಸಿಂಗ್ ಅಜ್ಜನನ್ನು ಕೇಳಿದ್ದೇನೆ. “ತಯಾರು ಮಾಡಿದೋರೇ ನಮ್ಮದಲ್ಲ ಅಂದ್ರೆ ಅಜ್ಜಂದಿರು ಒಪ್ತಾರೆ, ಅವರೂ ನೋಡಿದಾರಂತೆ” ಎಂದರು. ಎಲ್ಲಿ ನೋಡಿದರೆಂದು ನಾನು ಕೇಳಲಿಲ್ಲ.

ಇದೇ ಬೇಡಿಕೆಯನ್ನು ಏಪ್ರಿಲಿನಲ್ಲಿ ಖಾಸಗಿಯಾಗಿ ಬರೆದಿದ್ದೆ. ತಾವು ಉತ್ತರವಾಗಿ ಬೆಕ್ಕನ್ನು ಎತ್ತಿಕೊಂಡ ಕ್ಯಾಪ್ಟನ್ನರ ಬಣ್ಣದ ಚಿತ್ರವನ್ನು ಸಹಿ ಹಾಕಿಸಿ ಕಳಿಸಿದಿರಿ. ಸಹಿ ಅಂದವಾಗಿದೆ. ಅದಕ್ಕಾಗಿಯೇ ಈ ಸಲದ ಪತ್ರವನ್ನು ಬಹಿರಂಗವಾಗಿ ಬರೆದು, ಬಸ್ ನಿಲ್ದಾಣದಲ್ಲಿ, ಅಕ್ಕಿ ಗಿರಣಿಯ ಬಾಗಿಲಲ್ಲಿ ಮತ್ತು ತಮ್ಮದೇ ಭಿತ್ತಿಪತ್ರಗಳ ಮೇಲೆ ಅಂಟಿಸಿದ್ದೇನೆ. ಕತೆ ತಮ್ಮ ಆಸ್ತಿಯೆಂದು ಕಾನೂನು ಹೇಳುತ್ತದೆ. ಆದರೆ ಲಮ್ದುವಾನಳ ಮಾತು ನಮ್ಮ ಬಯಲಿನಲ್ಲಿ, ಒಬ್ಬ ಹೆಂಗಸಿನ ಗಂಟಲಿನಲ್ಲಿ ಬೆಳೆದದ್ದು. ತಾವು ಪೆಟ್ಟಿಗೆಗೆ ಹಾಕಿ ಮಂಜು ಹಿಡಿಸಿದ್ದು ಅದನ್ನೂ ಸೇರಿಸಿ.

ಈ ಪತ್ರ ಮುಗಿಸುವಾಗ ದೊಡ್ಡಮ್ಮನಿಗೆ ಓದಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿ, “ಅವರ ಚೀಟಿಗೆ ಕಾಯ್ತಾ ಕೂರೋಕಾಗಲ್ಲ ಬುಸ್ಸದಿ. ಮೂರೂ ಹಾಕು. ನಾನು ಮೈಕ್ ಹಿಡೀತೀನಿ” ಎಂದಳು. ಆ ಸಾಲು ಬಂದಾಗ ಏನು ಮಾಡುತ್ತೀ ಎಂದೆ. “ಯಂತ್ರದ ಮಾತು ಯಂತ್ರಕ್ಕೆ ಇರ್ಲಿ. ಅಲ್ಲಿ ನಾನು ಅವಳನ್ನ ಮಾತಾಡಿಸ್ತೀನಿ. ಏನು ಹೇಳ್ತಾಳೋ ನಂಗೂ ಗೊತ್ತಿಲ್ಲ. ಬೇಕಿದ್ರೆ ಅವರೇ ಬಂದು ಕೇಳ್ಕೊಳ್ಲಿ” ಎಂದಳು. ಹೇಳುವಾಗ ಆಕೆಯ ಕೈ ಗಂಟಲ ಮೇಲಿತ್ತು. ಧ್ವನಿ ಬರುತ್ತದೆಯೋ ಇಲ್ಲವೋ ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತಮಗೆ ಗೊತ್ತಾಗಬೇಕೆಂಬುದಷ್ಟೇ ನನ್ನ ಹಟ.

ಇಷ್ಟೆಲ್ಲ ಆದ ಮೇಲೂ, ಒಂದು ಮತ್ತು ಎರಡನೆಯ ಭಾಗಗಳ ಮಟ್ಟಿಗೆ,
ತಮ್ಮ ವಿಶ್ವಾಸಿ,
ಬುಸ್ಸದಿ
(ಜನರೇಟರ್ ಮತ್ತು ಪರದೆ ವಿಭಾಗ, ಯಾವ ಸ್ಥಾನವೂ ಖಾಲಿಯಿಲ್ಲ)

ತಾ.ಕ.: ನಮ್ಮಲ್ಲಿ ಮುಂದಿನ ಸಾಲಿನ ಚಾಪೆ ಅಜ್ಜಂದಿರಿಗೆ ಮೀಸಲು, ಮನುಷ್ಯರು ಹಿಂದೆ ಕೂರುತ್ತಾರೆ. ತಮ್ಮನ್ನು ಯಾವ ಸಾಲಿಗೆ ಸೇರಿಸಬೇಕೆಂದು ಚರ್ಚೆಯಾಗಿ, ಅಜ್ಜಂದಿರ ಮಧ್ಯೆ ಒಂದು ಜಾಗ ಬಿಡಲು ತೀರ್ಮಾನವಾಗಿದೆ. ಅವರಿಗೆ ತಮ್ಮನ್ನು ಕೇಳಲು ಕೆಲವು ಪ್ರಶ್ನೆಗಳಿವೆಯಂತೆ. ಬೆಕ್ಕನ್ನೂ ಕರೆತನ್ನಿ, ಅದಕ್ಕೆ ಅನ್ನ ಮೀನು ಹಾಕುತ್ತೇವೆ. ಪ್ರದರ್ಶನ ಬಾನ್ ದೋನ್ ಖಾ ತೋಪಿನಲ್ಲಿ, ಬುಧವಾರ, ಮೇ ಹದಿನಾಲ್ಕು, ಸಂಜೆ ಆರೂವರೆಗೆ ಸರಿಯಾಗಿ.