ಭಾವನ ನೀಲಿ ಬ್ಯಾಡ್ಜ್

ಹೆಬ್ಬೆರಳಿನಷ್ಟಗಲದ ಒಂದು ನೀಲಿ ಪಟ್ಟಿಗಾಗಿ ನನ್ನ ಅಕ್ಕನ ಗಂಡ ನನ್ನನ್ನು ತುಂಬಿದ ಹಳ್ಳಕ್ಕೆ ಇಳಿಸಿದರು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಆ ಕೆಂಪು ನೀರು ಕುಡಿದ ನನ್ನ ಹೊಟ್ಟೆ ನಂಬಿದೆ, ಅಷ್ಟು ಸಾಕು.

ಭಾವ ಅಂಕೋಲೆ ಹತ್ತಿರದ ಅಗಸೂರಿನವರು. ಸಾರಿಗೆ ಹುಳಿಯಾಗಿ ಹಾಕುವ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿ ಆನ್‌ಲೈನ್ ಅಂಗಡಿಯಲ್ಲಿ ಮಾರುತ್ತಾರೆ. ಮಾರಲಿ, ಸಂತೋಷ. ಆದರೆ ಒಂದು ದಿನ ಬೇರೆ ಯಾರದೋ ಮುರುಗಲಿನ ಫೋಟೋದ ಕೆಳಗೆ ‘ನಂಬಿಕಸ್ಥ ಮಾರಾಟಗಾರ’ ಎಂಬ ನೀಲಿ ಬ್ಯಾಡ್ಜ್ ಕಂಡುಬಿಟ್ಟರು. ಅಂದಿನಿಂದ ನಿದ್ದೆ ಹೋಯಿತು. ಅವರದಲ್ಲ, ನನ್ನದು! ಡಿಗ್ರಿ ಓದಿ ಕಾರವಾರದ ಬ್ಯಾಂಕಿನಲ್ಲಿ ಕೂತ ಭಾವಮೈದುನ ಇರುವುದು ಇನ್ನೇತಕ್ಕೆ?

“ತಮಾ, ಈ ಬ್ಯಾಡ್ಜ್ ಕೊಡೂ ಸಾಹೇಬ್ರು ಎಲ್ಲಿರೂದು?”

“ಸಾಹೇಬ್ರಿಲ್ಲ ಭಾವ. ಕಂಪ್ಯೂಟರ್ ಲೆಕ್ಕ ಹಾಕ್ತದೆ.”

“ಒಂದು ಬುಟ್ಟಿ ಇಶಾಡ ಮಾವು ಕೊಟ್ಟು ಬರುವಾ.”

“ಅದು ಮಾವಿನಹಣ್ಣು ತಿನ್ನೂದಿಲ್ಲ!”

“ಹಂಗಾರೆ ಮಿಡಿ ಉಪ್ಪಿನಕಾಯಿ?”

ತಲೆ ಚಚ್ಚಿಕೊಂಡು ವಿವರಿಸಿದೆ. ‘ಅತಿ ಹೆಚ್ಚು ಮಾರಾಟ’ ಎಂಬ ಬ್ಯಾಡ್ಜ್ ಬೇರೆ. ಅದು ಜನ ಎಷ್ಟು ಕೊಂಡರು ಎಂದು ಹೇಳುತ್ತದೆಯೇ ಹೊರತು ಮಾಲು ಚೆನ್ನಾಗಿದೆ ಎಂದಲ್ಲ. ಇವತ್ತು ನಮ್ಮದು, ನಾಳೆ ಪಕ್ಕದವನದು. ‘ಪ್ರಾಯೋಜಿತ’ ಎಂದಿದ್ದರೆ ಅದು ಬ್ಯಾಡ್ಜೇ ಅಲ್ಲ, ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಈ ನೀಲಿಯದನ್ನು ಮಾತ್ರ ಗಳಿಸಬೇಕು. ಹೇಳಿದ ದಿನವೇ ಪಾರ್ಸೆಲ್ ಕೊರಿಯರ್‌ಗೆ ಒಪ್ಪಿಸಬೇಕು, ಬಂದ ಆರ್ಡರನ್ನು ನಾವಾಗಿ ರದ್ದು ಮಾಡಬಾರದು, ಮಾಲು ವಾಪಸ್ ಬರಬಾರದು, ಗಿರಾಕಿಗಳು ಕೈತುಂಬ ಸ್ಟಾರ್ ಕೊಡಬೇಕು. ತಪ್ಪಿದರೆ ಕೊಟ್ಟ ಕಂಪ್ಯೂಟರೇ ಕಿತ್ತುಕೊಳ್ಳುತ್ತದೆ!

ಭಾವ ತಲೆಯಾಡಿಸಿದರು. ಅರ್ಥವಾಯಿತು ಎಂದುಕೊಂಡೆ ನಾನು. ಓದಿ ಏನು ಬಂತು ಹೇಳಿ?

ತೂಗಿದ ಮೇಲೆ ಕೊಸರು ಹಾಕದೆ ಕೊಟ್ಟರೆ ಭಾವನಿಗೆ ಊಟ ಸೇರುವುದಿಲ್ಲ. ಪ್ರತಿ ಪೊಟ್ಟಣಕ್ಕೂ ಒಂದು ಹಿಡಿ ಹೆಚ್ಚು ಸಿಪ್ಪೆ, ಅದರ ಮೇಲೆ ನಾಲ್ಕು ಹಲಸಿನ ಹಪ್ಪಳ! ಬರೆದ ತೂಕಕ್ಕೂ ಇರುವ ತೂಕಕ್ಕೂ ತಾಳೆಯಿಲ್ಲವೆಂದು ಕೊರಿಯರ್‌ನವರು ಕೂಗಾಡಿದರು. ದೂರದ ಊರಿನ ಗಿರಾಕಿಯೊಬ್ಬ ಒಂದೇ ಸ್ಟಾರ್ ಕೊಟ್ಟು ಬರೆದ: ‘ಒಳಗೆ ಮುರಿದ ರಟ್ಟಿನ ತಟ್ಟೆಗಳಿದ್ದವು.’

“ನನ್ನ ಹಪ್ಪಳಕ್ಕೆ ರಟ್ಟು ಅಂದ್ನಲ ಅಂವ!”

“ಕೊಸರು ಹಾಕೂದು ನಿಲ್ಸಿ ಭಾವ.”

“ಕೊಸರಿಲ್ದೆ ಮಾರೂಕೆ ನಾ ಎಂತ ಕಳ್ಳನಾ?”

ಒಳಗಿಂದ ಅಕ್ಕ ಕೂಗಿದಳು: “ತಮಾ, ಮುಂದಿನ ಸಲ ಇವ್ರನ್ನೇ ಕೊಸರು ಹಾಕಿ ಕಳ್ಸು. ವಾಪಸ್ ಬರದಿದ್ರೂ ಅಡ್ಡಿಲ್ಲ!”

ಕೊನೆಗೆ ಹಪ್ಪಳ ಬಿಟ್ಟು, ಹೆಚ್ಚಿನ ಹಿಡಿಯನ್ನು ತೂಕದೊಳಗೇ ಸೇರಿಸಿ ಬರೆಯುವುದೆಂದು ರಾಜಿಯಾಯಿತು. ಬ್ಯಾಡ್ಜ್ ಬಂದೇಬಿಟ್ಟಿತು! ಅಂಕೋಲೆಯ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೆ ಭಾವ ಮೊದಲು ತೋರಿಸುತ್ತಿದ್ದದ್ದು ಮೊಬೈಲನ್ನು, ಚಿಲ್ಲರೆ ಆಮೇಲೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ. ಮಳೆಗಾಲದಲ್ಲಿ ರಜೆ ಹಾಕಿ ಅಕ್ಕನ ಮನೆಗೆ ಹೋದದ್ದೇ ತಪ್ಪಾಯಿತು. ಅವತ್ತೇ ಎರಡು ಚೀಲ ಪಾರ್ಸೆಲ್ ಅಂಕೋಲೆಯ ಕೊರಿಯರ್ ಆಫೀಸಿಗೆ ಮುಟ್ಟಬೇಕಿತ್ತು. ನೋಡಿದರೆ ದಾರಿಯ ಮೋರಿಯ ಮೇಲೆ ಹಳ್ಳ ಹರಿಯುತ್ತಿದೆ!

“ಬೇಡ ಭಾವ! ಹೋದ್ರೆ ಹೋಗ್ಲಿ ಬ್ಯಾಡ್ಜ್!”

“ಮೊಣಕಾಲುದ್ದ ನೀರಿಗೆ ಹೆದ್ರೂದಾ? ನೀವು ಬ್ಯಾಂಕ್‌ನವ್ರು ಹಿಂಗೇ ಮಾರಾಯಾ.”

ಕೈಗೊಂದು ಚೀಲ ಹಿಡಿದು ನಡೆದೇಬಿಟ್ಟರು. ತಡೆಯಲು ಅವರ ಅಂಗಿ ಎಳೆಯುತ್ತ ನಾನೂ ಇಳಿದೆ. ನಡುವೆ ನನ್ನ ಕಾಲು ಜಾರಿತು.

ಆ ಗಳಿಗೆ ಈಗಲೂ ಕಣ್ಣು ಮುಚ್ಚಿದರೆ ಸಾಕು, ಮೊದಲಿನಿಂದ ಶುರುವಾಗುತ್ತದೆ. ಕೆಂಪು ನೀರು, ಬಾಯಿ ತುಂಬ ಮಣ್ಣು, ಬೆರಳಿನಿಂದ ಜಾರಿದ ಮೋರಿಯ ಕಲ್ಲು, ಕಾಲಡಿಗೆ ಏನೂ ಇಲ್ಲ. ಆಮೇಲೆ ಯಾರೋ ರಟ್ಟೆ ಹಿಡಿದು ಎಳೆದರು.

ದಡಕ್ಕೆ ಬಂದು ನಾನು ನೀರು ಕಾರುತ್ತಿದ್ದರೆ ಭಾವನ ಬೈಗುಳ: “ಈಜೂಕೆ ಬರದವ ಹಿಂದೆ ಎಂತಕ್ಕೆ ಬಂದೆ? ಎಷ್ಟು ಭಾರ ಇದ್ದೆ ಮಾರಾಯಾ!” ಮನೆ ಮುಟ್ಟುವವರೆಗೂ ಅದೇ. ಮುಳುಗಲು ಹೊರಟವನಿಗೆ ತೂಕದ ಲೆಕ್ಕ!

ಎರಡೂ ಚೀಲ ಹಳ್ಳದ ಜೊತೆ ಗಂಗಾವಳಿ ನದಿ ಸೇರಿದ್ದವು. ಮುಂದಿನ ವಾರ ಬ್ಯಾಡ್ಜೂ ಹೋಯಿತು. ಮಳೆಯ ಕಾರಣ ಹೇಳಿದರೆ ವಾಪಸ್ ಕೊಟ್ಟಾರು ಎಂದು ನಾನೇ ಆ ಆನ್‌ಲೈನ್ ಅಂಗಡಿಯ ಸಹಾಯವಾಣಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಭಾವನ ಕೈಗಿಟ್ಟೆ. ಆ ಕಡೆಯ ಹುಡುಗಿ ಕನ್ನಡದಲ್ಲೇ ಕೇಳಿದಳು: “ಪಾರ್ಸೆಲ್ ಕಳಿಸದಿದ್ದಕ್ಕೆ ಕಾರಣ ಏನು ಸರ್? ಮಳೆ ಅಂತ ಹಾಕಲಾ?”

‘ಹೌದು ಅನ್ನಿ’ ಎಂದು ನಾನು ಕೈಸನ್ನೆ ಮಾಡಿದೆ. ಭಾವ ನನ್ನತ್ತ ನೋಡಲೇ ಇಲ್ಲ.

“ಮಳೆ ಅಲ್ಲ ತಂಗಿ. ಮಳೆಗೆ ನಾ ನಿಲ್ಲೂದಿಲ್ಲ. ಎರಡೂ ಕೈಲಿ ಚೀಲ ಇತ್ತು, ನಮ್ಮ ಹುಡ್ಗ ನೀರಲ್ಲಿದ್ದ. ಇರೂದು ಎರಡೇ ಕೈ ಅಲ್ದಾ?”