ಉಸ್ತಾದರ ಕಿವಿ ಮತ್ತು ನನ್ನ ಸದಸ್ಯತ್ವ

ನಲವತ್ತು ದಾಟಿದ ಗಂಡಸಿಗೆ ಯಾವುದಾದರೂ ಒಂದು ಸಂಘಕ್ಕೆ ಸೇರಿಬಿಡಬೇಕು ಎಂಬ ಚಪಲ ಯಾಕೆ ಹತ್ತಿಕೊಳ್ಳುತ್ತದೋ ನನಗೆ ತಿಳಿಯದು. ಕೆಲವರು ಭಜನಾ ಮಂಡಳಿಗೆ ಸೇರುತ್ತಾರೆ. ಕೆಲವರು ನಗೆಕೂಟಕ್ಕೆ ಸೇರಿ, ಬೆಳಗಾಗೆದ್ದು ಪಾರ್ಕಿನಲ್ಲಿ ನಿಂತು ಕಾರಣವಿಲ್ಲದೆ ನಗುತ್ತಾರೆ. ನನಗೆ ರಾಗವಿಲ್ಲ. ಕಾರಣವಿಲ್ಲದೆ ನಗುವುದಂತೂ ಬಾರದು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನ ಮುಖ ಅದಕ್ಕೆ ಒಗ್ಗುವುದೂ ಇಲ್ಲ. ಹಾಗಾಗಿ ನಾನು ಬುಲೆಟ್ ಓಡಿಸುವವರ ಬಳಗಕ್ಕೆ ಸೇರಿದೆ. ನಾನು ಸೇರಿದ್ದರಿಂದ ಒಬ್ಬ ಮನುಷ್ಯನ ಕಾಲು ಹೋಯಿತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕೊನೆಯಲ್ಲಿ ಹೇಳಿದರೆ, ಅಲ್ಲಿಯವರೆಗೆ ನಗಿಸಿಕೊಂಡು ಬಂದು ಹೀಗೆ ಮಾಡಿದನಲ್ಲ ಎಂದು ನೀವು ನನ್ನ ಮೇಲೆ ಸಿಟ್ಟಾಗುತ್ತೀರಿ.

ಚಾಮರಾಜನಗರದ ನಮ್ಮ ಬೀದಿಯಲ್ಲಿದ್ದ ದನದ ಡಾಕ್ಟರು ನಿವೃತ್ತರಾಗಿ ಮಗಳ ಊರಿಗೆ ಹೊರಟಾಗ ತಮ್ಮ ಮುನ್ನೂರೈವತ್ತು ಸಿಸಿ ಬುಲೆಟ್ಟನ್ನು ನನಗೆ ದಾಟಿಸಿ ಹೋದರು. ತೂಕದ ಲೆಕ್ಕದಲ್ಲಿ ಅದು ಮಧ್ಯಮ ವರ್ಗದ ಗಾಡಿ. ಹಾಲಿನವರು ಓಡಿಸುವ ನೂರು ಸಿಸಿಯವು ಒಂದು ಕಡೆ, ಪತ್ರಿಕೆಯ ಬಣ್ಣದ ಪುಟಗಳಲ್ಲಿ ಮಾತ್ರ ಕಾಣಸಿಗುವ ಸಾವಿರ ಸಿಸಿಯವು ಇನ್ನೊಂದು ಕಡೆ, ನಡುವೆ ನಾವು. ಮೇಷ್ಟ್ರ ಕೆಲಸದವನಿಗೆ ಇದಕ್ಕಿಂತ ತಕ್ಕ ಗಾಡಿ ಉಂಟೇ ಎಂದು ನಾನು ಬೀಗಿದೆ. ಅದನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಲು ನನಗೆ ಹದಿನೈದು ದಿನ ಬೇಕಾಯಿತು. ಮೊದಮೊದಲು ಶಾಲೆಯ ಮುಂದೆ ಗಾಡಿ ನಿಲ್ಲಿಸಬೇಕಾದಾಗ ದೈಹಿಕ ಶಿಕ್ಷಕರು ಬರುವವರೆಗೂ ಅದನ್ನು ತಬ್ಬಿಕೊಂಡು ನಿಂತಿರುತ್ತಿದ್ದೆ. ಒಂದು ಅನುಕೂಲವೂ ಆಯಿತೆನ್ನಿ. ನಮ್ಮ ಶಾಲೆ ಇರುವುದು ಹರದನಹಳ್ಳಿಯಲ್ಲಿ. ನಾನಿನ್ನೂ ಊರ ಹೊರಗಿರುವಾಗಲೇ ಆ ಗುಡುಗು ಕೇಳಿ ಹತ್ತನೇ ತರಗತಿ ಪುಸ್ತಕ ತೆಗೆದು ಕೂತಿರುತ್ತಿತ್ತು. ನನ್ನ ಮಾತಿಗೆ ಬಾರದ ಹೆದರಿಕೆ ನನ್ನ ಸೈಲೆನ್ಸರಿಗೆ ಬಂದಿತ್ತು.

ಗಾಡಿ ಬಂದ ಮೇಲೆ ಬಳಗದ ಸುದ್ದಿ ಕಿವಿಗೆ ಬಿತ್ತು. ಚಾಮರಾಜನಗರದ ಕಡೆಯ ಆರು ಮಂದಿ, ಗುಂಡ್ಲುಪೇಟೆಯ ಐದು ಮಂದಿ, ಎಲ್ಲರದೂ ಇದೇ ತೂಕದ ಗಾಡಿ. ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಸೇರಿ, ಕೇರಳದ ರಸ್ತೆ ಹಿಡಿದು ಮದ್ದೂರಿನ ಕಾಡಿನ ಚೆಕ್‌ಪೋಸ್ಟಿನ ತನಕ ಹೋಗಿ, ಟೀ ಕುಡಿದು ವಾಪಸು ಬರುವುದು. ಇದಿಷ್ಟೇ ಕಾರ್ಯಕ್ರಮ. ಮುಖಂಡರು ಸಂತೆಮರಹಳ್ಳಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಪುಟ್ಟಮಾದಪ್ಪ. ಅರ್ಜಿ ಇಲ್ಲ, ಚಂದಾ ಇಲ್ಲ, ಗುರುತಿನ ಚೀಟಿ ಇಲ್ಲ. ಇದ್ದದ್ದು ಒಂದೇ ಪದ್ಧತಿ. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಖಲೀಲ್ ಉಸ್ತಾದರ ಗ್ಯಾರೇಜಿನ ಮುಂದೆ ಗಾಡಿ ಚಾಲೂ ಮಾಡಿ ನಿಲ್ಲಿಸಬೇಕು. ಉಸ್ತಾದರು ಕಣ್ಣು ಮುಚ್ಚಿ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಇಂಜಿನ್ನಿನ ಸದ್ದು ಕೇಳುತ್ತಾರೆ. ಆಮೇಲೆ ಒಂದು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು ಹಿಡಿದು ಅಲ್ಲಿ ಇಲ್ಲಿ ತಿರುವಿ, ತಾವೇ ಹತ್ತಿ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದು "ನಮ್ದೇ ಗಾಡಿ" ಅನ್ನುತ್ತಾರೆ. ಅಲ್ಲಿಗೆ ಸದಸ್ಯತ್ವ ಆದಂತೆ. ಮೂವತ್ತು ವರ್ಷ ಈ ಗಾಡಿಗಳ ಸದ್ದಿನಲ್ಲೇ ಬದುಕಿದ ಮನುಷ್ಯ. ಸುತ್ತಿನ ಮೂರು ತಾಲೂಕಿನಲ್ಲಿ ಬುಲೆಟ್ಟಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರು ಅವರೊಬ್ಬರೇ ಎಂದು ಹೆಸರಾಗಿತ್ತು.

ನನ್ನ ಗಾಡಿಯ ಪರೀಕ್ಷೆಯೂ ಆಯಿತು. ಉಸ್ತಾದರು ಟ್ಯಾಂಕು ಸವರಿದರು, ಏನೋ ತಿರುವಿದರು, ಸುತ್ತು ಹೊಡೆದು ಬಂದರು, "ನಮ್ದೇ ಗಾಡಿ ಮೇಷ್ಟ್ರೇ, ಎಷ್ಟು ಚೆನ್ನಾಗಿ ಮಾತಾಡ್ತಾ ಅದೆ ನೋಡಿ" ಎಂದರು. ನನಗೆ ಕೇಳುತ್ತಿದ್ದದ್ದು ಮಾತ್ರ ತಗಡಿನ ಡಬ್ಬದೊಳಗೆ ಮೊಳೆ ಹಾಕಿ ಅಲ್ಲಾಡಿಸಿದ ಸದ್ದು. ನನಗೇನು ಗೊತ್ತು ಇಂಜಿನ್ನಿನ ಭಾಷೆ ಎಂದುಕೊಂಡು ಗಾಡಿ ಹತ್ತಿದೆ. ಮನೆಗೆ ಬಂದಾಗ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು. ಕುಕ್ಕರಿಗೆ ಏನೋ ಆಯಿತೆಂದುಕೊಂಡಿದ್ದಳಂತೆ. ಉಸ್ತಾದರೇ ಸರಿ ಮಾಡಿದ್ದು ಎಂದು ನಾನು ಜಂಬದಿಂದ ಹೇಳಿದೆ. ಸರಿ ಮಾಡುವ ಮೊದಲು ಹೇಗಿತ್ತೋ ಹಾಗೇ ಮಾಡಿಕೊಡೋಕೆ ಹೇಳಿ ಎಂದು ಒಳಗೆ ಹೋದಳು.

ಮುಂದಿನ ಭಾನುವಾರ ಮದ್ದೂರಿನ ಟೀ ಅಂಗಡಿಯಲ್ಲಿ ನಾನು ಈ ಸಂಶಯವನ್ನು ಬಾಯಿಬಿಟ್ಟೆ. ಹನ್ನೊಂದು ಗ್ಲಾಸುಗಳೂ ಹನ್ನೊಂದು ತುಟಿಯ ಹತ್ತಿರವೇ ನಿಂತವು. ಪುಟ್ಟಮಾದಪ್ಪ ನನ್ನ ಹೆಗಲಿಗೆ ಕೈ ಹಾಕಿ ಬಿದಿರು ಮೆಳೆಯ ಪಕ್ಕಕ್ಕೆ ಕರೆದುಕೊಂಡು ಹೋದರು. "ಉಸ್ತಾದ್‌ಗೆ ಕಿವಿ ಓಗ್ಬುಟ್ಟದೆ ಕಣ್ರೀ ಮೇಷ್ಟ್ರೇ. ಮೂರು ವರ್ಸಾಯ್ತು. ನಾವ್ಯಾರೂ ಯೋಳಿಲ್ಲ, ನೀವೂ ಯೋಳಂಗಿಲ್ಲ. ಯೋಳುದ್ರೆ ಆ ವಯ್ಯ ಅವತ್ತೇ ಸತ್ತೋಯ್ತಾರೆ" ಎಂದರು. ಉಸ್ತಾದರು ತುಟಿ ನೋಡಿ ಮಾತು ತಿಳಿಯುತ್ತಾರೆ, ಅಂಗೈಯಲ್ಲಿ ನಡುಕ ಹಿಡಿದು ಸದ್ದನ್ನು ಅಂದಾಜು ಮಾಡುತ್ತಾರೆ, ಗ್ಯಾರೇಜಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಹೊರಗಿನವರಿಗೆ ತಿಳಿದಿಲ್ಲ ಎಂದೂ ವಿವರಿಸಿದರು. ಬಳಗಕ್ಕೆ ಸೇರುವುದೆಂದರೆ ಈ ಗುಟ್ಟಿಗೆ ಸೇರುವುದು ಎಂದು ನನಗೆ ಆಗ ಅರ್ಥವಾಯಿತು. ಗಾಡಿಯ ಪರೀಕ್ಷೆ ಬರೀ ಶಾಸ್ತ್ರ.

ಹಾಗಾದರೆ ಕೆಟ್ಟ ಗಾಡಿಗಳ ಗತಿ? ಅದಕ್ಕೂ ವ್ಯವಸ್ಥೆ ಇತ್ತು. ಉಸ್ತಾದರು ರಿಪೇರಿ ಮಾಡಿಕೊಟ್ಟ ಗಾಡಿಯನ್ನು ಮರುದಿನವೇ ನಂಜನಗೂಡಿಗೆ ಒಯ್ದು ಇನ್ನೊಬ್ಬ ಮೆಕ್ಯಾನಿಕ್ಕಿನಿಂದ ರಿಪೇರಿಯನ್ನೇ ರಿಪೇರಿ ಮಾಡಿಸುವುದು. ಉಸ್ತಾದರ ಹೆಸರು ಹೇಳುವಂತಿರಲಿಲ್ಲ. ಯಾರು ಹೀಗೆ ಮಾಡಿದ್ದು ಎಂದು ಅವನು ಕೇಳಿದರೆ ನಾನೇ ಮನೆಯಲ್ಲಿ ಬಿಚ್ಚಿ ನೋಡಿದೆ ಎನ್ನಬೇಕು. ಹನ್ನೆರಡು ಜನ ವಯಸ್ಸಾದ ಗಂಡಸರು ಸರದಿಯ ಮೇಲೆ ಬಂದು ಅದೇ ತಪ್ಪನ್ನು ಒಪ್ಪಿಕೊಳ್ಳುವುದನ್ನು ಕಂಡು ಅವನಿಗೆ ನಮ್ಮ ಜಿಲ್ಲೆಯ ಬಗ್ಗೆಯೇ ಮರುಕ ಹುಟ್ಟಿತ್ತು. ನನ್ನ ಸರದಿ ಬಂದಾಗ, ನೀವು ಮಕ್ಕಳಿಗೆ ಪಾಠ ಹೇಳೋರು, ದಯವಿಟ್ಟು ಸ್ಪ್ಯಾನರ್ ಮುಟ್ಟಬೇಡಿ ಎಂದು ಬೇಡಿಕೊಂಡ. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ. ಭಾನುವಾರ ಮತ್ತೆ ಉಸ್ತಾದರ ಮುಂದೆ ನಿಂತು, ನಿಮ್ಮ ಕೈ ಬಿದ್ದ ಮೇಲೆ ಗಾಡಿ ಹೂವಿನಂತಾಗಿದೆ ಎಂದೆ. ಅವರ ಮುಖ ಅರಳಿತು. ನನಗೂ ಹೊಟ್ಟೆ ತಣ್ಣಗಾಯಿತು. ಒಬ್ಬರ ಮರ್ಯಾದೆಯನ್ನು ನಾನು ಕಾಪಾಡುತ್ತಿದ್ದೇನೆ ಎಂಬ ಭಾವನೆ ಇದೆಯಲ್ಲ, ಅದಕ್ಕಿಂತ ದೊಡ್ಡ ನಶೆ ಇನ್ನೊಂದಿಲ್ಲ. ಎಂಟು ತಿಂಗಳು ನಾನು ಆ ನಶೆಯಲ್ಲಿದ್ದೆ. ಕಾರ್ಬೊರೇಟರಿನ ಬಗ್ಗೆ ನಾವೆಲ್ಲ ಅಷ್ಟೊಂದು ಯೋಚಿಸಿದೆವು. ಕಿವಿ ಕೇಳದ ಮನುಷ್ಯ ವಾರವಾರವೂ ನಮ್ಮ ಗಾಡಿ ಹತ್ತಿ ಹೆದ್ದಾರಿಗೆ ಹೋಗುತ್ತಿದ್ದಾರಲ್ಲ ಎಂದು ಒಬ್ಬರೂ ಯೋಚಿಸಲಿಲ್ಲ.

ಆ ಭಾನುವಾರ ನಾನು ಎಲ್ಲರಿಗಿಂತ ಮೊದಲೇ ಗುಂಡ್ಲುಪೇಟೆ ತಲುಪಿದ್ದೆ. ಉಸ್ತಾದರು ನನ್ನ ಗಾಡಿಯ ಇಂಜಿನ್ನಿನ ಟ್ಯಾಪೆಟ್ ಮುಚ್ಚಳ ಬಿಗಿದು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತರು. ಪುಟ್ಟಮಾದಪ್ಪ ಮತ್ತು ಉಳಿದವರು ರಸ್ತೆಯಾಚೆ ಗಾಡಿ ನಿಲ್ಲಿಸುತ್ತಿದ್ದರು. ಉಸ್ತಾದರು ಆ ಕಡೆ ಒಮ್ಮೆ ನೋಡಿ, ನನ್ನ ತುಟಿಯ ಮೇಲೆ ಕಣ್ಣಿಟ್ಟು ಕೇಳಿದರು: "ಮೇಷ್ಟ್ರೇ, ಒಂದ್ಮಾತು ನಿಜ ಹೇಳಿ. ನನ್ ಕಿವಿ ಸರಿಯಾಗೇ ಅದಾ?"

ಎಂಥ ದಡ್ಡನಿಗೂ ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಎಂದು ಗೊತ್ತಾಗುತ್ತಿತ್ತು. ನನಗೂ ಗೊತ್ತಾಯಿತು. ಆದರೆ ರಸ್ತೆಯಾಚೆಯಿಂದ ಪುಟ್ಟಮಾದಪ್ಪ ನನ್ನನ್ನೇ ನೋಡುತ್ತಿದ್ದರು. ಇವರಿಗೆ ನಿಜ ಹೇಳಿ ಬಳಗದ ಗುಟ್ಟು ಒಡೆದವನು ಎನ್ನಿಸಿಕೊಳ್ಳುವುದೇ? "ಸರಿಯಾಗಿದೆ ಉಸ್ತಾದ್, ನಮಗಿಂತ ಚೆನ್ನಾಗಿದೆ" ಎಂದೆ, ತುಟಿಯನ್ನು ಸ್ಪಷ್ಟವಾಗಿ ಆಡಿಸಿ. ಅವರು ದೊಡ್ಡ ಹೊರೆ ಇಳಿಸಿದವರಂತೆ ಉಸಿರು ಬಿಟ್ಟು ಎದ್ದರು. ನನ್ನ ಗಾಡಿಯನ್ನು ಒಂದೇ ಒದೆತಕ್ಕೆ ಚಾಲೂ ಮಾಡಿ ಹೆದ್ದಾರಿಗೆ ಇಳಿದರು. ಒಂದು ಫರ್ಲಾಂಗಿನ ಆಚೆ ಬಲಕ್ಕೆ ತಿರುಗಿ ವಾಪಸು ಬರುವುದು ಅವರ ರೂಢಿ. ಹಿಂದಿನಿಂದ ತರಕಾರಿ ತುಂಬಿದ ಲಾರಿ ಬರುತ್ತಿತ್ತು. ಲಾರಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಮೂರನೆಯ ಸಲ ಹೊಡೆದಾಗ ಗ್ಯಾರೇಜಿನ ಪಕ್ಕದ ಟೀ ಅಂಗಡಿಯಲ್ಲಿದ್ದವರೂ ಎದ್ದು ನಿಂತರು. ಉಸ್ತಾದರು ನಿಧಾನವಾಗಿ, ತುಂಬ ನೆಮ್ಮದಿಯಿಂದ, ಬಲಕ್ಕೆ ತಿರುಗಿದರು.

ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಅವರು ಕಣ್ಣು ಬಿಡುವ ಹೊತ್ತಿಗೆ ಇತ್ತ ನಮ್ಮ ಬಳಗ ಇನ್ನೊಂದು ಉಪಕಾರ ಮಾಡಿಯಾಗಿತ್ತು. ಲಾರಿಯವನು ಹಾರ್ನೇ ಹೊಡೆಯಲಿಲ್ಲ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಹೊಡೆದ ಎಂದರೆ ಉಸ್ತಾದರಿಗೆ ಯಾಕೆ ಕೇಳಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದಲ್ಲ. ಡ್ರೈವರು ಠಾಣೆಯಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ಎಲ್ಲರ ಸಹಿಯೂ ಬಿದ್ದಿತ್ತು, ನನ್ನದೊಂದು ಬಾಕಿ. ಪುಟ್ಟಮಾದಪ್ಪ ಶಾಲೆಯ ತನಕ ಬಂದು, ನಿಮ್ಮ ಗಾಡಿಯಲ್ಲೇ ಆದದ್ದು, ನಿಮ್ಮ ಹೇಳಿಕೆ ಗಟ್ಟಿ ನಿಲ್ಲುತ್ತೆ ಎಂದು ತಿಳಿಸಿ ಹೋದರು. ಆ ದಿನ ಕರಿಹಲಗೆಯ ಮೇಲೆ ಒಂದು ಸುಲಭದ ಲೆಕ್ಕವನ್ನು ನಾನು ಮೂರು ಸಲ ತಪ್ಪು ಮಾಡಿದೆ. ಮರುದಿನ ರಜೆ ಹಾಕಿ ಮೈಸೂರಿನ ಬಸ್ಸು ಹತ್ತಿದೆ.

ವಾರ್ಡಿನಲ್ಲಿ ಇಪ್ಪತ್ತು ಮಂಚಗಳಿದ್ದವು. ಉಸ್ತಾದರು ನನ್ನನ್ನು ಕಂಡು ನಕ್ಕರು. ಮೊದಲು ಕೇಳಿದ್ದು ಗಾಡಿಗೆ ಎಷ್ಟು ಪೆಟ್ಟಾಯಿತು ಎಂದು. ಆಮೇಲೆ, ಲಾರಿಯವನು ಹಾರ್ನ್ ಹೊಡೆದನೇ ಎಂದರು. ಹೊಡೆದ ಎಂದೆ. ತಲೆಗೂ ಪೆಟ್ಟು ಬಿದ್ದು ಅವರ ಕಣ್ಣು ಊದಿಕೊಂಡಿತ್ತು, ನನ್ನ ತುಟಿ ಸರಿಯಾಗಿ ಕಾಣುತ್ತಿರಲಿಲ್ಲ. ಏನು ಎಂದರು. ಸ್ವಲ್ಪ ಕೂಗಿ ಹೇಳಿದೆ. ಮತ್ತೆ ಏನು ಎಂದರು. ಇನ್ನೂ ಕೂಗಿದೆ. ನರ್ಸಮ್ಮ ಬಂದು, ಇದು ಆಸ್ಪತ್ರೆ, ಸಂತೆಯಲ್ಲ ಎಂದು ಗದರಿಸಿದರು. ಕೊನೆಗೆ ಜೇಬಿನಲ್ಲಿದ್ದ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅವರ ಕಣ್ಣಿನ ಹತ್ತಿರ ಹಿಡಿದೆ. ಉಸ್ತಾದರು ಓದಿದ್ದು ಉರ್ದು ಶಾಲೆಯಲ್ಲಿ, ಅದೂ ಎರಡು ವರ್ಷ. ಕನ್ನಡ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಹಾಗಾಗಿ ಒಂದೊಂದೇ ಅಕ್ಷರ ಕೂಡಿಸಿ, ಬಾಯಿಬಿಟ್ಟು ಓದಿದರೇ ಅವರಿಗೆ ಅರ್ಥವಾಗುವುದು. ತಮ್ಮ ದನಿ ಎಷ್ಟು ದೊಡ್ಡದೆಂಬುದೂ ಅವರಿಗೆ ಕೇಳುತ್ತಿರಲಿಲ್ಲ. "ಲಾ-ರಿ-ಯ-ವ-ನು ಮೂ-ರು ಸ-ಲ ಹಾ-ರ್ನ್ ಹೊ-ಡೆ-ದ" ಎಂದು ಇಪ್ಪತ್ತು ಮಂಚಕ್ಕೂ ಕೇಳುವಂತೆ ಓದಿದರು. "ನಿ-ಮ್ಮ ಕಿ-ವಿ ಹೋ-ಗಿ ಮೂ-ರು ವ-ರ್ಷ ಆ-ಯಿ-ತು. ನಾ-ನು ಸು-ಳ್ಳು ಹೇ-ಳಿ-ದೆ." ನಾನು ಇಪ್ಪತ್ತು ವರ್ಷ ಮಕ್ಕಳಿಂದ ಗಟ್ಟಿಯಾಗಿ ಓದಿಸಿದ್ದೇನೆ. ಒಬ್ಬರು ಓದುವುದನ್ನು ನಿಲ್ಲಿಸಲಿ ದೇವರೇ ಎಂದು ಬೇಡಿಕೊಂಡದ್ದು ಅದೇ ಮೊದಲು.

ಓದಿ ಮುಗಿಸಿ ಕಾಗದವನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಅದೇ ದೊಡ್ಡ ದನಿಯಲ್ಲಿ, ಕೋಪವೇನೂ ಇಲ್ಲದೆ ಹೇಳಿದರು: "ಮನೇಲಿ ಹೇಳಿದ್ರು ಮೇಷ್ಟ್ರೇ. ಹೆಂಡ್ತಿ ಹೇಳಿದ್ಳು, ಮಗಳು ಹೇಳಿದ್ಳು, ಕಿವಿ ಓಗ್ಬುಟ್ಟದೆ, ರೋಡಿಗೆ ಗಾಡಿ ತಗೊಂಡು ಓಗ್ಬ್ಯಾಡಿ ಅಂತ. ಹೊರಗಿನವ್ರು ಒಬ್ರು ಹೇಳ್ಬುಡ್ಲಿ, ಅವತ್ತೇ ಬುಟ್ಬುಡ್ತೀನಿ ಅಂದಿದ್ದೆ. ಮಾದಪ್ಪನ್ನ ಕೇಳಿ ಪ್ರಯೋಜ್ನ ಇಲ್ಲ, ಅವ್ನು ನನ್ ಮೇಲಿರೋ ಪ್ರೀತಿಗೆ ಸುಳ್ಳು ಹೇಳ್ತಾನೆ. ನೀವು ಹೊಸಬ್ರು. ಅಷ್ಟೊಂದು ಪ್ರೀತಿ ಇರಲ್ಲ, ನಿಜ ಹೇಳ್ತೀರಿ ಅಂತ ನಿಮ್ಮುನ್ನ ಕೇಳ್ದೆ."

ಡ್ರೈವರು ಠಾಣೆಯಲ್ಲಿದ್ದಾನೆಂದು ಅದೇ ಕಾಗದದಲ್ಲಿ ಬರೆದು ತೋರಿಸಿದೆ. ಅವನನ್ನು ಬಿಡಿಸಿ ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದರು. ಅಲ್ಲಿಂದ ನೇರ ಠಾಣೆಗೆ ಹೋಗಿ ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಟ್ಟದ್ದು, ಅಂದಿನಿಂದ ಪುಟ್ಟಮಾದಪ್ಪ ನನ್ನೊಡನೆ ಮಾತು ಬಿಟ್ಟದ್ದು ಆಮೇಲಿನ ಕತೆ. ಆ ಗಳಿಗೆಯಲ್ಲಿ ಮಾತ್ರ ಏಳಲೂ ಆಗದೆ, ಕೂರಲೂ ಆಗದೆ, ಪ್ರಶ್ನೆಪತ್ರಿಕೆಯನ್ನು ಮಡಚುತ್ತ ಬಿಚ್ಚುತ್ತ ಇದ್ದೆ. ಪಕ್ಕದ ಮಂಚದಲ್ಲಿದ್ದ ಗಂಡನನ್ನು ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೇಳಿಸಿಕೊಳ್ಳದೆ ಇರುವ ದಾರಿಯೂ ಇರಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಅವ್ರಿಗೆ ಏನಾಗಬೇಕು ಎಂದು ಕೇಳಿದಳು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ, ಎದೆಯುಬ್ಬಿಸಿ ಉತ್ತರ ಹೇಳೋಣ ಎಂದು ನಾನು ಎಂಟು ತಿಂಗಳಿಂದ ಕಾದಿದ್ದೆ. ಒಂದೇ ಬಳಗದವರು ಕಣಮ್ಮ ಎಂದೆ. ಅವಳು ತನ್ನ ಸ್ಟೂಲನ್ನು ಎತ್ತಿಕೊಂಡು, ಗಂಡನ ಮಂಚದ ಆಚೆ ಪಕ್ಕಕ್ಕೆ ಹೋಗಿ ಕೂತಳು.